ಸೆಂಟ್‌ಒಎಸ್ 7 ಬಿಟ್ಟು ಎಲ್ಲಿಗೆ? ಸಣ್ಣ ಕಾರ್ಖಾನೆಯ ಮೂರು ಸರ್ವರ್‌ಗಳ ಲೆಕ್ಕ

ಪೀಣ್ಯ_ಐಟಿ

ಎಲ್ಲರಿಗೂ ನಮಸ್ಕಾರ. ಬಿಡಿಭಾಗ ತಯಾರಿಸುವ ಕಾರ್ಖಾನೆ, 45 ಬಳಕೆದಾರರು, ಮೂರು ಸರ್ವರ್. ಮೂರರಲ್ಲೂ ಸೆಂಟ್‌ಒಎಸ್ 7.9 (ರೆಡ್ ಹ್ಯಾಟ್ ಲಿನಕ್ಸ್‌ನ ಉಚಿತ ತದ್ರೂಪು).

ಡೇಟಾಬೇಸ್: ಪೋಸ್ಟ್‌ಗ್ರೆಸ್ 9.6, 180 ಜಿಬಿ. ಯಂತ್ರ ಜಿಯಾನ್ ಇ5-2620 ವಿ2, 64 ಜಿಬಿ ರಾಮ್, ಪರ್ಕ್ ಎಚ್310 ರೇಡ್ ಕಾರ್ಡ್ (ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವ ಕಾರ್ಡ್).
ಇಆರ್‌ಪಿ (ಕಾರ್ಖಾನೆಯ ವ್ಯವಹಾರ ನಡೆಸುವ ಸಾಫ್ಟ್‌ವೇರ್): ಮುಂದೆ ಎನ್‌ಜಿನೆಕ್ಸ್ ವೆಬ್ ಸರ್ವರ್, ಹಿಂದೆ 3000ನೇ ಪೋರ್ಟಿನಲ್ಲಿ ಜಾವಾ ಆಪ್. ಜಿಯಾನ್ ಸಿಲ್ವರ್ 4110.
ಫೈಲ್ ಸರ್ವರ್: ಸಾಂಬಾ (ವಿಂಡೋಸ್ ಪಿಸಿಗಳಿಗೆ ಫೋಲ್ಡರ್ ಹಂಚುವ ಸಾಫ್ಟ್‌ವೇರ್). ಡ್ರಾಯಿಂಗ್‌ಗಳು, ಸ್ಕ್ಯಾನ್ ಆದ ಬಿಲ್ಲುಗಳು. ಇದೂ ಸಿಲ್ವರ್ 4110.

ಯಮ್ (ಪ್ಯಾಕೇಜ್ ಹಾಕುವ ಟೂಲ್) ಅಪ್‌ಡೇಟ್ ಕೊಟ್ಟರೆ ಮಿರರ್‌ಲಿಸ್ಟ್ (ಡೌನ್‌ಲೋಡ್ ಸರ್ವರ್‌ಗಳ ಪಟ್ಟಿ) ಹೋಸ್ಟ್ ಸಿಗುತ್ತಿಲ್ಲ ಅನ್ನುತ್ತದೆ. ನಮ್ಮಿಂದ ಮಾಲು ಕೊಳ್ಳುವ ಕಂಪನಿಯೊಂದು ಕಳಿಸಿರುವ ಸೆಕ್ಯುರಿಟಿ ಪ್ರಶ್ನಾವಳಿಯಲ್ಲಿ ‘ಬೆಂಬಲ ಮುಗಿದ ಆಪರೇಟಿಂಗ್ ಸಿಸ್ಟಮ್ ಬಳಸುತ್ತಿದ್ದೀರಾ’ ಎಂಬ ಸಾಲಿದೆ. ಹಾಗಾಗಿ ಮೂರು ಪ್ರಶ್ನೆ: ರೆಡ್ ಹ್ಯಾಟ್ ಸಬ್‌ಸ್ಕ್ರಿಪ್ಷನ್ ಕೊಳ್ಳಬೇಕೇ, ಅದರ ಉಚಿತ ತದ್ರೂಪುಗಳಾದ ಆಲ್ಮಾ ಅಥವಾ ರಾಕಿ ಸಾಕೇ? ಆವೃತ್ತಿ 9ಕ್ಕೆ ಹೋಗಬೇಕೇ, 10ಕ್ಕೇ? ಇದ್ದಲ್ಲೇ ಅಪ್‌ಗ್ರೇಡ್ ಮಾಡಬಹುದೇ, ಹೊಸದಾಗಿ ಇನ್‌ಸ್ಟಾಲ್ ಮಾಡಬೇಕೇ? ಟ್ಯಾಲಿ ಬೇರೆ ವಿಂಡೋಸ್ ಯಂತ್ರದಲ್ಲಿದೆ, ಅದನ್ನು ಈ ಚರ್ಚೆಗೆ ಎಳೆಯುವುದು ಬೇಡ.

ಬೇರು_ಬಳಕೆದಾರ

ಮಿರರ್‌ಲಿಸ್ಟ್ ಸಿಗದಿರುವುದು ನಿಮ್ಮ ನೆಟ್‌ವರ್ಕಿನ ತಪ್ಪಲ್ಲ ಸರ್. ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು, ಅದಾದ ಮೇಲೆ ಆ ಹೋಸ್ಟನ್ನೇ ಇಳಿಸಿದರು. ರೆಪೊ (ಪ್ಯಾಕೇಜ್ ಸಂಗ್ರಹ) ಫೈಲ್‌ಗಳಲ್ಲಿ ಮಿರರ್‌ಲಿಸ್ಟ್ ಸಾಲಿಗೆ ಕಾಮೆಂಟ್ ಹಾಕಿ, ಬೇಸ್ ಯುಆರ್‌ಎಲ್ ಅನ್ನು ಸೆಂಟ್‌ಒಎಸ್‌ನ ಹಳೇ ಪ್ಯಾಕೇಜ್ ಉಗ್ರಾಣವಾದ ವಾಲ್ಟ್‌ನ 7.9.2009 ಫೋಲ್ಡರಿಗೆ ತಿರುಗಿಸಿದರೆ ಯಮ್ ಮತ್ತೆ ಮಾತಾಡುತ್ತದೆ. ಆದರೆ ಅಲ್ಲಿ ಸಿಗುವುದು ಆ ದಿನಾಂಕದವರೆಗಿನ ಪ್ಯಾಕೇಜ್‌ಗಳು ಮಾತ್ರ. ಸಾಗಣೆಗೆ ಬೇಕಾದ ಒಂದೆರಡು ಟೂಲ್ ಹಾಕಿಕೊಳ್ಳಲು ಅದನ್ನು ಬಳಸಿ. ‘ಅಪ್‌ಡೇಟ್ ಆಗ್ತಾ ಇದೆ’ ಅಂತ ಪ್ರಶ್ನಾವಳಿಯಲ್ಲಿ ಬರೆಯಬೇಡಿ.

ಯಾವುದನ್ನು ಆರಿಸಬೇಕು ಅನ್ನುವುದಕ್ಕೆ ಹಿನ್ನೆಲೆ ಇಷ್ಟು. 2020ರ ಡಿಸೆಂಬರ್ 8ರಂದು ರೆಡ್ ಹ್ಯಾಟ್ ಕಡೆಯಿಂದ ಘೋಷಣೆ ಬಂತು: ಸೆಂಟ್‌ಒಎಸ್ 8 ಒಂದೇ ವರ್ಷದಲ್ಲಿ, 2021ರ ಕೊನೆಗೆ, ಮುಗಿಯುತ್ತದೆ. ಆ ಖಾಲಿ ಜಾಗಕ್ಕೆ ಬಂದವು ಆಲ್ಮಾ (2021ರ ಮಾರ್ಚ್) ಮತ್ತು ರಾಕಿ (2021ರ ಜೂನ್). 2023ರ ಜೂನ್‌ನಲ್ಲಿ ರೆಡ್ ಹ್ಯಾಟ್ ತನ್ನ ಸೋರ್ಸ್ ಕೋಡನ್ನು ಎಲ್ಲರಿಗೂ ಬಿಡುವ ದಾರಿಯನ್ನು ಸೆಂಟ್‌ಒಎಸ್ ಸ್ಟ್ರೀಮ್‌ಗೆ (ರೆಡ್ ಹ್ಯಾಟ್‌ನ ಮುಂದಿನ ಬಿಡುಗಡೆಯ ಸಿದ್ಧತಾ ಆವೃತ್ತಿಗೆ) ಸೀಮಿತ ಮಾಡಿದಾಗ ಎರಡೂ ಬೇರೆ ಬೇರೆ ದಾರಿ ಹಿಡಿದವು. ರೆಡ್ ಹ್ಯಾಟ್‌ನ ಪಡಿಯಚ್ಚಾಗಿರುವುದೇ ಗುರಿ ಅಂತ ರಾಕಿ ಉಳಿಯಿತು. ಆಲ್ಮಾದವರು ಬೈನರಿ ಹೊಂದಾಣಿಕೆ ಇದ್ದರೆ ಸಾಕು, ಪ್ರತಿ ಬಗ್ ಕೂಡ ಒಂದೇ ಆಗಿರಬೇಕಿಲ್ಲ ಅಂದರು. ಹಾಗಾಗಿ ಕೆಲವೊಮ್ಮೆ ರೆಡ್ ಹ್ಯಾಟ್‌ಗಿಂತ ಮೊದಲೇ ಪ್ಯಾಚ್ ಬಿಡುತ್ತಾರೆ. ನಿಮ್ಮ ಮೂರು ಕೆಲಸಕ್ಕೆ ಈ ವ್ಯತ್ಯಾಸ ಏನೂ ಅಲ್ಲ. ಎರಡರಲ್ಲಿ ಒಂದನ್ನು ಹಿಡಿದು ಮೂರು ಕಡೆಯೂ ಅದನ್ನೇ ಹಾಕಿ, ಅಷ್ಟೆ.

ಹುಬ್ಬಳ್ಳಿ_ಟರ್ಮಿನಲ್

ಸರ, ಲಿನಕ್ಸ್ ಹಂಚಿಕೆ ಆರಿಸೋಕಿಂತ ಮೊದಲ ಯಂತ್ರದ ಜಾತಕ ನೋಡ್ರಿ. ಇ5-2620 ವಿ2 ಅಂದ್ರ ಐವಿ ಬ್ರಿಜ್. ಅದ್ರಾಗ ಎವಿಎಕ್ಸ್2 (ಹೊಸ ಪ್ರೊಸೆಸರಿನ ಒಂದು ಆದೇಶ ಗುಂಪು) ಇಲ್ಲ. ರೆಡ್ ಹ್ಯಾಟ್ 9ಕ್ಕ ಎಕ್ಸ್86-64-ವಿ2 (ಪ್ರೊಸೆಸರಿನ ಕನಿಷ್ಠ ಮಟ್ಟ) ಸಾಕು, ಅದು ಓಡ್ತದ. 10ಕ್ಕ ವಿ3 ಬೇಕು, ಅಂದ್ರ ಹ್ಯಾಸ್ವೆಲ್ ಅಥವಾ ಅದರ ನಂತರದ್ದು. ಆಲ್ಮಾ 10ರಾಗ ಮಾತ್ರ ವಿ2ಕ್ಕ ಅಂತ ಬ್ಯಾರೆ ಬಿಲ್ಡ್ ಕೊಟ್ಟಾರ. ಚೆಕ್ ಮಾಡಾಕ ಎಲ್‌ಎಸ್‌ಸಿಪಿಯು ಹೊಡೆದು ಫ್ಲ್ಯಾಗ್ಸ್ ಸಾಲಿನಾಗ ಎವಿಎಕ್ಸ್2 ಐತೇನು ನೋಡ್ರಿ. ಡೈನಮಿಕ್ ಲೋಡರ್‌ಗೆ ಹೆಲ್ಪ್ ಅಂತ ಕೊಟ್ಟು ನೋಡೋ ಉಪಾಯ ಹೊಸ ಜಿಲಿಬ್‌ಸಿಯಾಗ (ಲಿನಕ್ಸಿನ ಮೂಲ ಲೈಬ್ರರಿ) ಅಷ್ಟ ನಡೀತದ, ನಿಮ್ಮ 7ರಾಗ ನಡೆಯಂಗಿಲ್ಲ.

ಎರಡನೇದು ರೇಡ್ ಕಾರ್ಡ್. ಎಚ್310, ಎಚ್700 ಇಂಥ ಹಳೇ ಕಾರ್ಡಿನ ಬೆಂಬಲ ರೆಡ್ ಹ್ಯಾಟ್ 8ರಾಗ ತಗದುಬಿಟ್ಟಾರ. ಮೆಗಾರೇಡ್ ಡ್ರೈವರ್ ಐತಿ, ಆದ್ರ ಅದರ ಪಟ್ಟಿಯಾಗ ಈ ಕಾರ್ಡಿನ ಗುರುತು ಇಲ್ಲ. ಇನ್‌ಸ್ಟಾಲರ್ ಚಂದ ಬೂಟ್ ಆಗ್ತದ, ಡಿಸ್ಕ್ ಪುಟಕ್ಕ ಹೋದ್ರ ಒಂದೂ ಡಿಸ್ಕ್ ಕಾಣಂಗಿಲ್ಲ. ಜನ ಡಿಸ್ಕ್ ಸತ್ತದ ಅಂತ ಬದಲಿ ಮಾಡ್ತಾರ! ಎಲ್‌ಎಸ್‌ಪಿಸಿಐ -ಎನ್‌ಎನ್ ಕೊಡ್ರಿ, 1000:0073 ಅಂತ ಬಂದ್ರ ಅದ ಎಚ್310. ದಾರಿ ಎರಡು: ಹೊರಗಿನ ಡ್ರೈವರ್ ಸಂಗ್ರಹ ನಡೆಸೋ ಎಲ್‌ರೆಪೊದವರ ಡ್ರೈವರ್ ಡಿಸ್ಕ್ ಹಾಕೋದು, ಇಲ್ಲಾ ಆಲ್ಮಾ 9.4 ಮತ್ತು ಮುಂದಿನದು. ಆಲ್ಮಾದವರು 9.4ರಿಂದ ಇಂಥ ಕೆಲವು ಹಳೇ ಕಾರ್ಡುಗಳನ್ನ ವಾಪಸ್ ಸೇರಿಸ್ಯಾರ. ಎಲ್‌ರೆಪೊ ದಾರಿ ಹಿಡಿದ್ರ ಪ್ರತಿ ಸಣ್ಣ ಬಿಡುಗಡೆಗೂ, 9.5, 9.6 ಹಿಂಗ, ಡ್ರೈವರ್ ಹೊಂದ್ಯದೋ ಇಲ್ಲೋ ನೋಡಿಕೊಂಡ ರೀಬೂಟ್ ಮಾಡಬೇಕು.

ಖರೆ ಹೇಳಬೇಕಂದ್ರ ಡೇಟಾಬೇಸಿಗೆ ಹೊಸ ಯಂತ್ರ ತಗೋರಿ. ಹತ್ತು ವರ್ಷ ದಾಟಿದ ಯಂತ್ರದ ಮ್ಯಾಲೆ ಸಬ್‌ಸ್ಕ್ರಿಪ್ಷನ್ ರೊಕ್ಕ ಸುರಿಯೋದು ಹುಚ್ಚುತನ.

ಸುಮ್ನೆ_ಕೇಳ್ತೀನಿ

ರೆಡ್ ಹ್ಯಾಟ್ 16 ಯಂತ್ರಕ್ಕೆ ಉಚಿತ ಅಂತ ಕೇಳಿದ್ದೆ. ಅದನ್ನೇ ಮೂರಕ್ಕೂ ಹಾಕಿದರೆ ಆಗಲ್ವಾ?

ಕಡತ_ಕಾವಲು

ಆ 16 ಯಂತ್ರದ ಸೌಲಭ್ಯ ವ್ಯಕ್ತಿಯ ಹೆಸರಿನ ಡೆವಲಪರ್ ಸಬ್‌ಸ್ಕ್ರಿಪ್ಷನ್. ಒಬ್ಬ ವ್ಯಕ್ತಿ ತನ್ನ ಸಣ್ಣ ಕೆಲಸಕ್ಕೆ ಬಳಸಿಕೊಳ್ಳಲಿ ಅಂತ ಇರುವುದು, ಕಂಪನಿಗಲ್ಲ. ಕಂಪನಿಯ ಸರ್ವರ್ ನೌಕರರೊಬ್ಬರ ವೈಯಕ್ತಿಕ ಖಾತೆಯಲ್ಲಿ ನೋಂದಣಿಯಾಗಿದ್ದರೆ ಆಡಿಟ್‌ನಲ್ಲಿ ಉತ್ತರ ಹೇಳುವುದು ಕಷ್ಟ. ಆ ನೌಕರರು ಕೆಲಸ ಬಿಟ್ಟ ದಿನ ಅಪ್‌ಡೇಟ್ ಕೂಡ ಅವರ ಜೊತೆಗೇ ಹೋಗುತ್ತದೆ.

ಹಣ ಕೊಟ್ಟು ಕೊಳ್ಳುವುದಾದರೆ ಲೆಕ್ಕ ಹೀಗಿದೆ. ಸಾಮಾನ್ಯ ಸರ್ವರ್ ಸಬ್‌ಸ್ಕ್ರಿಪ್ಷನ್ ಒಂದಕ್ಕೆ ಎರಡು ಸಾಕೆಟ್‌ವರೆಗಿನ ಒಂದು ಭೌತಿಕ ಯಂತ್ರ, ಇಲ್ಲವೇ ಎರಡು ವರ್ಚುವಲ್ ಯಂತ್ರ. ಸ್ಟ್ಯಾಂಡರ್ಡ್ ಅಂದರೆ ಕಚೇರಿ ವೇಳೆಯ ಬೆಂಬಲ. ಪ್ರೀಮಿಯಂ ಅಂದರೆ ಗಂಭೀರ ತೊಂದರೆಗಳಿಗೆ 24 ಗಂಟೆಯೂ. ಸೆಲ್ಫ್ ಸಪೋರ್ಟ್ ಅಂತ ಒಂದು ಅಗ್ಗದ್ದಿದೆ. ಅದರಲ್ಲಿ ಅಪ್‌ಡೇಟ್ ಬರುತ್ತದೆ, ಕೇಸ್ ತೆರೆಯಲು ಬರುವುದಿಲ್ಲ, ವರ್ಚುವಲ್ ಯಂತ್ರಕ್ಕೂ ಆಗುವುದಿಲ್ಲ. ಒಂದು ಕೊಂಡು ಅದರ ಅಪ್‌ಡೇಟನ್ನು ಉಳಿದ ರೆಡ್ ಹ್ಯಾಟ್ ಯಂತ್ರಗಳಿಗೆ ನಕಲು ಮಾಡುವುದು ಒಪ್ಪಂದಕ್ಕೆ ವಿರುದ್ಧ. ಆದರೆ ಒಂದರಲ್ಲಿ ರೆಡ್ ಹ್ಯಾಟ್, ಎರಡರಲ್ಲಿ ಆಲ್ಮಾ ಇಟ್ಟುಕೊಂಡರೆ ಯಾರ ತಕರಾರೂ ಇಲ್ಲ.

ಕೊಳ್ಳಲೇಬೇಕಾದ ಸಂದರ್ಭ ಯಾವುದು ಅಂದರೆ, ಮೇಲೆ ಓಡುವ ಸಾಫ್ಟ್‌ವೇರ್ ಮಾರಿದವರು ‘ಇದರಲ್ಲಿ ಮಾತ್ರ’ ಅಂದಾಗ. ಸ್ಯಾಪ್ ಹಾನಾ ಬೇಕಾದರೆ ರೆಡ್ ಹ್ಯಾಟ್ ಅಥವಾ ಸೂಸೆಯ ಎಂಟರ್‌ಪ್ರೈಸ್ ಆವೃತ್ತಿಯೇ ಆಗಬೇಕು. ನಿಮ್ಮ ಇಆರ್‌ಪಿ ಕೊಟ್ಟವರಿಗೆ ಒಂದು ಮೇಲ್ ಹಾಕಿ, ಆಲ್ಮಾ ಅಥವಾ ರಾಕಿ 9ರಲ್ಲಿ ಬೆಂಬಲ ಕೊಡುತ್ತೀರಾ ಅಂತ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಫೋನಿನಲ್ಲಿ ‘ನಡೆಯುತ್ತೆ ಸರ್’ ಅಂದಿದ್ದಕ್ಕೆ ಬೆಲೆಯಿಲ್ಲ.

ಬೇರು_ಬಳಕೆದಾರ

ಇದಕ್ಕೆ ನನ್ನದೊಂದು ಸೇರಿಕೆ. ಸಬ್‌ಸ್ಕ್ರಿಪ್ಷನ್ ಕೊಂಡ ಮಾತ್ರಕ್ಕೆ ರಾತ್ರಿ ಹನ್ನೊಂದಕ್ಕೆ ಸರ್ವರ್ ಬಿದ್ದರೆ ರೆಡ್ ಹ್ಯಾಟ್‌ನವರು ಬಂದು ಎತ್ತುವುದಿಲ್ಲ. ಅವರು ಎಸ್‌ಒಎಸ್ ರಿಪೋರ್ಟ್ (ಯಂತ್ರದ ಲಾಗ್, ಸಂರಚನೆಗಳ ಕಟ್ಟು) ಕೇಳುತ್ತಾರೆ, ಅದನ್ನು ತೆಗೆದು ಕಳಿಸುವವರು, ಅವರು ಹೇಳಿದ್ದನ್ನು ಮಾಡುವವರು ನಿಮ್ಮಲ್ಲಿ ಇರಬೇಕು. ಅಂಥ ಒಬ್ಬರು ಇದ್ದಾರೆ ಅಂದರೆ ಆಲ್ಮಾದಲ್ಲೂ ಬದುಕಬಹುದು. ಇಲ್ಲವಾದರೆ ಸಬ್‌ಸ್ಕ್ರಿಪ್ಷನ್‌ಗಿಂತ ಮೊದಲು ಸ್ಥಳೀಯವಾಗಿ ವಾರ್ಷಿಕ ನಿರ್ವಹಣೆ ಒಪ್ಪಂದಕ್ಕೆ ಒಬ್ಬರನ್ನು ಹುಡುಕಿ.

ಪೀಣ್ಯ_ಐಟಿ

ಧನ್ಯವಾದ. ಡೇಟಾಬೇಸಿಗೆ ಹೊಸ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು, 960 ಜಿಬಿಯ ಎರಡು ಎಸ್‌ಎಸ್‌ಡಿ. ಆಲ್ಮಾ 9 ಅಂದುಕೊಂಡಿದ್ದೇವೆ. ಉಳಿದೆರಡನ್ನು ಇದ್ದಲ್ಲೇ 7ರಿಂದ 9ಕ್ಕೆ ಏರಿಸಬಹುದೇ? ಎಲಿವೇಟ್ ಬಗ್ಗೆ ಓದಿದೆ.

ಬೇರು_ಬಳಕೆದಾರ

9 ಒಳ್ಳೆಯ ಆಯ್ಕೆ. ರೆಡ್ ಹ್ಯಾಟ್ 9ರ ನಿರ್ವಹಣೆ 2032ರ ಮೇವರೆಗೆ, ಆಲ್ಮಾ 9 ಕೂಡ ಅಲ್ಲಿವರೆಗೆ. 8 ಹಾಕಿದರೆ 2029ಕ್ಕೇ ಮತ್ತೆ ಇದೇ ತಲೆನೋವು.

ಎಲಿವೇಟ್ ಅಂದರೆ ರೆಡ್ ಹ್ಯಾಟ್‌ನ ಲೀಪ್ ಟೂಲನ್ನೇ ಆಲ್ಮಾದವರು ಎಲ್ಲ ತದ್ರೂಪುಗಳಿಗೂ ಹೊಂದಿಸಿದ್ದು. 7ರಿಂದ ಸೀದಾ 9ಕ್ಕೆ ಜಿಗಿಯುವುದಿಲ್ಲ. 7ರಿಂದ 8, ಮತ್ತೆ 8ರಿಂದ 9. ಮೊದಲು ಪ್ರಿಅಪ್‌ಗ್ರೇಡ್ ಓಡಿಸಿದರೆ ವರದಿ ಕೊಡುತ್ತದೆ, ಅದರಲ್ಲಿ ‘ಇನ್‌ಹಿಬಿಟರ್’ ಅಂತ ಇರುವುದೆಲ್ಲ ಸರಿಯಾಗುವವರೆಗೆ ಮುಂದೆ ಹೋಗುವುದಿಲ್ಲ. 7ರಿಂದ 8ಕ್ಕೆ ಹೋಗುವಾಗ ಸಾಮಾನ್ಯವಾಗಿ ಬರುವವು:

- ಎಸ್‌ಎಸ್‌ಎಚ್ ಸಂರಚನೆಯಲ್ಲಿ ರೂಟ್ ಲಾಗಿನ್ ಬಗ್ಗೆ ಸ್ಪಷ್ಟ ಸಾಲು ಇಲ್ಲದಿರುವುದು.
- ಲಾಗಿನ್ ವ್ಯವಸ್ಥೆಯಾದ ಪ್ಯಾಮ್‌ನ ಪಿಕೆಸಿಎಸ್11 ಮಾಡ್ಯೂಲ್ ತೆಗೆಯಲು ಆನ್ಸರ್ ಫೈಲ್‌ನಲ್ಲಿ ಒಪ್ಪಿಗೆ ಬೇಕು. ಬಳಸದಿದ್ದರೂ ಕೇಳುತ್ತದೆ.
- ಇಥ್0, ಇಥ್1 ಅಂತ ಹಳೇ ಹೆಸರಿನ ಒಂದಕ್ಕಿಂತ ಹೆಚ್ಚು ನೆಟ್‌ವರ್ಕ್ ಕಾರ್ಡ್. ರೀಬೂಟ್ ಆದಮೇಲೆ ಯಾವುದು ಯಾವುದಾಗುತ್ತದೆ ಹೇಳಲಾಗದು ಅಂತ ತಡೆಯುತ್ತದೆ.
- ಬೂಟ್ ಪಾರ್ಟಿಷನ್‌ನಲ್ಲಿ ಜಾಗ ಸಾಲದು.
- 7ರ ಆರಂಭದ ಬಿಡುಗಡೆಗಳಲ್ಲಿ ಫಾರ್ಮ್ಯಾಟ್ ಆದ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್‌ನಲ್ಲಿ ಎಫ್‌ಟೈಪ್ 0 ಇರುತ್ತದೆ. ಓವರ್‌ಲೇ ಅದರ ಮೇಲೆ ಕೂರುವುದಿಲ್ಲ, ಹಾಗಾಗಿ ಲೀಪ್ ಸುತ್ತುದಾರಿ ಹಿಡಿದು ತುಂಬಾ ಜಾಗ ತಿನ್ನುತ್ತದೆ. ಎಕ್ಸ್‌ಎಫ್‌ಎಸ್ ಇನ್ಫೋ ಕಮಾಂಡ್‌ನಲ್ಲಿ ನೋಡಿಕೊಳ್ಳಿ.

ಇಷ್ಟೆಲ್ಲ ದಾಟಿದರೂ ಹೊರಗಿನ ರೆಪೊಗಳಿಂದ ಹಾಕಿದ ಪ್ಯಾಕೇಜ್‌ಗಳು, ಹೆಚ್ಚುವರಿ ಪ್ಯಾಕೇಜ್‌ಗಳ ರೆಪೊ ಎಪೆಲ್‌ನವೂ ಸೇರಿ, ಅರ್ಧ ಹಳೆಯವಾಗಿ ಉಳಿದುಬಿಡಬಹುದು. ಆರ್‌ಪಿಎಂ ಪಟ್ಟಿಯಲ್ಲಿ ‘ಇಎಲ್7’ ಅಂತ ಇರುವುದನ್ನು ಹುಡುಕಿ ತೆಗೆಯಬೇಕು. ನನ್ನ ಅಭಿಪ್ರಾಯ ಕೇಳಿದರೆ ಮೂರಕ್ಕೂ ಹೊಸ ಇನ್‌ಸ್ಟಾಲ್. ಹಳೇ ಡೇಟಾಬೇಸ್ ಯಂತ್ರ ಖಾಲಿಯಾಗುತ್ತದಲ್ಲ, ಇಆರ್‌ಪಿಯನ್ನು ತಾತ್ಕಾಲಿಕವಾಗಿ ಅಲ್ಲಿ ಕೂರಿಸಿ ಸಿಲ್ವರ್ ಯಂತ್ರವನ್ನು ತೊಳೆದು ಹಾಕಿ. ಡೇಟಾಬೇಸನ್ನಂತೂ ಲೀಪ್‌ನಲ್ಲಿ ಏರಿಸಲೇಬೇಡಿ, ಯಾಕೆ ಅಂತ ಶರಾವತಿ ಮೇಡಂ ಹೇಳುತ್ತಾರೆ.

ಶರಾವತಿ_ಡಿಬಿಎ

ಹೇಳುತ್ತೇನೆ, ಸ್ವಲ್ಪ ಉದ್ದ ಇದೆ.

ಪೋಸ್ಟ್‌ಗ್ರೆಸ್ ಅಕ್ಷರಗಳ ಅನುಕ್ರಮವನ್ನು ತಾನೇ ನಿರ್ಧರಿಸುವುದಿಲ್ಲ, ಸಾಮಾನ್ಯವಾಗಿ ಒಎಸ್‌ನ ಜಿಲಿಬ್‌ಸಿಯನ್ನು ಕೇಳುತ್ತದೆ. ಸೆಂಟ್‌ಒಎಸ್ 7ರಲ್ಲಿ ಇರುವುದು ಜಿಲಿಬ್‌ಸಿ 2.17. 8ರಲ್ಲಿ 2.28, 9ರಲ್ಲಿ 2.34. ಈ 2.28ರಲ್ಲಿ ಅನುಕ್ರಮದ ಕೋಷ್ಟಕವನ್ನೇ ಬದಲಿಸಿದರು. ಪರೀಕ್ಷೆ ಸುಲಭ: ‘1-1’ ಒಂದು ಸಾಲು, ‘11’ ಇನ್ನೊಂದು ಸಾಲು ಇರುವ ಫೈಲನ್ನು ಅಮೆರಿಕನ್ ಇಂಗ್ಲಿಷ್ ಯುಟಿಎಫ್-8 ಲೊಕೇಲ್‌ನಲ್ಲಿ (ಭಾಷೆ-ದೇಶದ ಸೆಟ್ಟಿಂಗ್) ಸಾರ್ಟ್ ಮಾಡಿ. 7ರಲ್ಲಿ 11 ಮೊದಲು ಬರುತ್ತದೆ, 9ರಲ್ಲಿ 1-1 ಮೊದಲು.

ನಿಮ್ಮದು ಬಿಡಿಭಾಗದ ಕಾರ್ಖಾನೆ ಅಂದಿರಿ. ಭಾಗಸಂಖ್ಯೆಗಳಲ್ಲಿ ಅಡ್ಡಗೆರೆ ಇಲ್ಲದೆ ಇರುತ್ತದೆಯೇ? ಬಿ-ಟ್ರೀ ಇಂಡೆಕ್ಸ್ (ಬೇಗ ಹುಡುಕಲು ಇಟ್ಟ ವಿಂಗಡಿತ ಪಟ್ಟಿ) ಡಿಸ್ಕಿನಲ್ಲಿ ಹಳೆಯ ಅನುಕ್ರಮದಲ್ಲಿ ಜೋಡಣೆಯಾಗಿದೆ. ಡೇಟಾ ಫೋಲ್ಡರನ್ನು ಹಾಗೇ ಹೊಸ ಒಎಸ್‌ಗೆ ಒಯ್ದರೆ, ಅಥವಾ ಒಎಸ್ ಮಾತ್ರ ಅದರ ಕೆಳಗೆ ಬದಲಾದರೆ, ಹುಡುಕಾಟ ಹೊಸ ಅನುಕ್ರಮದಲ್ಲಿ ನಡೆದು ತಪ್ಪು ಕೊಂಬೆಗೆ ಇಳಿಯುತ್ತದೆ. ಟೇಬಲ್‌ನಲ್ಲಿ ಇರುವ ಭಾಗ ‘ಇಲ್ಲ’ ಅಂತ ಉತ್ತರ ಬರುತ್ತದೆ. ಆಗ ಯಾರೋ ಅದನ್ನೇ ಮತ್ತೆ ಸೇರಿಸುತ್ತಾರೆ, ಯೂನಿಕ್ ಇಂಡೆಕ್ಸ್ ಕೂಡ ಅದನ್ನು ಹಿಡಿಯುವುದಿಲ್ಲ. ಯಾವ ಎರರ್ ಕೂಡ ಬರದೆ ಸ್ಟಾಕ್ ಎರಡು ಕಡೆ ಹಂಚಿಹೋಗುತ್ತದೆ. 7ರಿಂದ 9ಕ್ಕೆ ಸ್ಟ್ರೀಮಿಂಗ್ ರೆಪ್ಲಿಕಾ (ನೇರ ಪ್ರತಿ) ಮಾಡಿ ಬದಲಾಯಿಸುವ ಉಪಾಯಕ್ಕೂ ಇದೇ ಗತಿ. ‘ಸಿ’ ಕೊಲೇಷನ್‌ನಲ್ಲಿ (ಬರೀ ಬೈಟ್ ಲೆಕ್ಕದ ಅನುಕ್ರಮ) ಇರುವ ಡೇಟಾಬೇಸಿಗೆ ಮಾತ್ರ ಈ ತೊಂದರೆ ಇಲ್ಲ.

ಹಾಗಾಗಿ ಡಂಪ್ ಮತ್ತು ರಿಸ್ಟೋರ್. ರಿಸ್ಟೋರ್‌ನಲ್ಲಿ ಇಂಡೆಕ್ಸ್‌ಗಳು ಹೊಸದಾಗಿ ಕಟ್ಟಿಕೊಳ್ಳುತ್ತವೆ. ಜೊತೆಗೆ 9.6ರ ಬೆಂಬಲವೇ 2021ರ ನವೆಂಬರ್‌ನಲ್ಲಿ ಮುಗಿದಿದೆ, ಹೇಗೂ ಏರಲೇಬೇಕು.

1. ಹೊಸ ಆಲ್ಮಾ 9ರಲ್ಲಿ ಪೋಸ್ಟ್‌ಗ್ರೆಸ್ 16ರ ಮಾಡ್ಯೂಲ್ ಎನೇಬಲ್ ಮಾಡಿ ಹಾಕಿ. ಏನೂ ಹೇಳದೆ ಇನ್‌ಸ್ಟಾಲ್ ಕೊಟ್ಟರೆ 13 ಬರುತ್ತದೆ. ಪೋಸ್ಟ್‌ಗ್ರೆಸ್‌ನವರದೇ ಪಿಜಿಡಿಜಿ ರೆಪೊದಿಂದ ಹಾಕುವುದಾದರೆ ಒಎಸ್‌ನ ಪೋಸ್ಟ್‌ಗ್ರೆಸ್ ಮಾಡ್ಯೂಲನ್ನು ಮೊದಲು ಡಿಸೇಬಲ್ ಮಾಡಬೇಕು, ಇಲ್ಲದಿದ್ದರೆ ಪ್ಯಾಕೇಜ್ ಕಾಣದೇ ಹೋಗಬಹುದು.
2. ಮಿನಿಮಲ್ ಇನ್‌ಸ್ಟಾಲ್ ಆಗಿದ್ದರೆ ಜಿಲಿಬ್‌ಸಿಯ ಇಂಗ್ಲಿಷ್ ಲ್ಯಾಂಗ್‌ಪ್ಯಾಕ್ ಇದೆಯೇ ನೋಡಿ. ಹಳೇ ಡೇಟಾಬೇಸ್ ಭಾರತೀಯ ಇಂಗ್ಲಿಷ್ ಲೊಕೇಲ್‌ನಲ್ಲಿ ಸೃಷ್ಟಿಯಾಗಿದ್ದು ಇಲ್ಲಿ ಅದಿಲ್ಲದಿದ್ದರೆ ಲೊಕೇಲ್ ಹೆಸರು ಸರಿಯಿಲ್ಲ ಅಂತ ಮೊದಲ ಸಾಲಿನಲ್ಲೇ ನಿಲ್ಲುತ್ತದೆ.
3. ಡಂಪ್ ತೆಗೆಯುವುದು ಹೊಸ ಯಂತ್ರದಿಂದ, 16ರ ಪಿಜಿ ಡಂಪ್ ಬಳಸಿ. ಅದು 9.2ರವರೆಗಿನ ಸರ್ವರ್‌ಗಳನ್ನು ಓದಬಲ್ಲದು. ಡೈರೆಕ್ಟರಿ ಫಾರ್ಮ್ಯಾಟ್, ನಾಲ್ಕು ಸಮಾಂತರ ಜಾಬ್. ಯೂಸರ್, ರೋಲ್‌ಗಳಿಗೆ ಪಿಜಿ ಡಂಪ್‌ಆಲ್ ಅನ್ನು ಗ್ಲೋಬಲ್ಸ್ ಓನ್ಲಿ ಅಂತ ಬೇರೆಯಾಗಿ ಓಡಿಸಿ, ಇದನ್ನು ಮರೆಯುವವರೇ ಹೆಚ್ಚು.
4. ರಿಸ್ಟೋರ್ ಸಮಯಕ್ಕೆ ಮಾತ್ರ ಮೇಂಟೆನೆನ್ಸ್ ವರ್ಕ್ ಮೆಮ್ 2 ಜಿಬಿ, ಗರಿಷ್ಠ ವಾಲ್ (ಬದಲಾವಣೆಗಳ ಲಾಗ್) ಗಾತ್ರ 16 ಜಿಬಿ ಮಾಡಿ. ಇಂಡೆಕ್ಸ್ ಕಟ್ಟುವಾಗ ವ್ಯತ್ಯಾಸ ಗೊತ್ತಾಗುತ್ತದೆ. ಮುಗಿದ ಮೇಲೆ ಹಿಂದಕ್ಕೆ ತನ್ನಿ.
5. ಕೊನೆಗೆ ವ್ಯಾಕ್ಯೂಮ್ ಡಿಬಿಯನ್ನು ಅನಲೈಸ್ ಓನ್ಲಿ ಅಂತ ಓಡಿಸಿ. ಅಂಕಿಅಂಶಗಳು ಡಂಪ್‌ನಲ್ಲಿ ಬರುವುದಿಲ್ಲ. ಇದನ್ನು ಬಿಟ್ಟರೆ ಸೋಮವಾರ ಬೆಳಗ್ಗೆ ‘ಹೊಸ ಸರ್ವರ್ ಹಳೆಯದಕ್ಕಿಂತ ನಿಧಾನ’ ಅಂತ ಫೋನ್ ಬರುತ್ತದೆ.

ಪಾಸ್‌ವರ್ಡ್ ಕಡೆಗೂ ಗಮನ ಇರಲಿ. 14ರಿಂದ ಪೂರ್ವನಿಯೋಜಿತ ವಿಧಾನ ಸ್ಕ್ರ್ಯಾಮ್, ಹಳೇ ಎಂಡಿ5ಗಿಂತ ಭದ್ರವಾದದ್ದು. ಹಳೇ ರೋಲ್‌ಗಳ ಎಂಡಿ5 ಹ್ಯಾಶ್ ಹಾಗೇ ಬರುತ್ತದೆ, ಆದರೆ ಎಚ್‌ಬಿಎ ಫೈಲ್‌ನಲ್ಲಿ (ಯಾರು ಹೇಗೆ ಒಳಬರಬಹುದು ಅನ್ನುವ ಪಟ್ಟಿ) ಸ್ಕ್ರ್ಯಾಮ್ ಅಂತ ಬರೆದಿದ್ದರೆ ಆ ಯೂಸರ್‌ಗಳು ಒಳಗೆ ಬರಲಾರರು. ಎಂಡಿ5 ಅಂತ ಬರೆದರೆ ಎರಡೂ ನಡೆಯುತ್ತದೆ. ಆಮೇಲೆ ಒಬ್ಬೊಬ್ಬರದೇ ಪಾಸ್‌ವರ್ಡ್ ಮರುಹೊಂದಿಸುತ್ತಾ ಹೋಗಿ. ಇಆರ್‌ಪಿ ಜಾವಾ ಅಂದಿರಲ್ಲ, ಜಾವಾವನ್ನು ಡೇಟಾಬೇಸಿಗೆ ಜೋಡಿಸುವ ಜೆಡಿಬಿಸಿ ಡ್ರೈವರ್ 42.2ಕ್ಕಿಂತ ಹಳೆಯದಾದರೆ ಸ್ಕ್ರ್ಯಾಮ್ ಅರ್ಥವಾಗದೆ ‘ಅಥೆಂಟಿಕೇಷನ್ ಟೈಪ್ 10 ಬೆಂಬಲವಿಲ್ಲ’ ಅನ್ನುತ್ತದೆ. ಜಾರ್ ಫೈಲ್ ಒಂದನ್ನು ಬದಲಿಸಿದರೆ ಮುಗಿಯಿತು, ಆದರೆ ಅದು ಇಆರ್‌ಪಿ ಮಾರಿದವರ ಕೆಲಸ, ಮೊದಲೇ ಹೇಳಿಡಿ.

ಹುಬ್ಬಳ್ಳಿ_ಟರ್ಮಿನಲ್

ಮೇಡಂ ಹೇಳಿದ್ದಕ್ಕ ಒಂದ ಸೇರಸ್ತೀನಿ, ಇನ್‌ಸ್ಟಾಲ್ ಮಾಡೋವಾಗ ಪಾರ್ಟಿಷನ್ ‘ಆಟೋಮ್ಯಾಟಿಕ್’ ಕೊಡಬ್ಯಾಡ್ರಿ. ಅನಕೊಂಡ (ಅದ ಇನ್‌ಸ್ಟಾಲರ್) ರೂಟ್‌ಗೆ ಹೆಚ್ಚಂದ್ರ 70 ಜಿಬಿ ಕೊಟ್ಟು ಉಳಿದಿದ್ದೆಲ್ಲಾ ಹೋಮ್‌ಗೆ ಕೊಡ್ತದ. ಪೋಸ್ಟ್‌ಗ್ರೆಸ್ ಡೇಟಾ ಇರೋದು ವಾರ್ (/var) ಕೆಳಗ, ಅಂದ್ರ ರೂಟ್‌ನಾಗ. 180 ಜಿಬಿ ರಿಸ್ಟೋರ್ ಮಾಡೋವಾಗ 70ಕ್ಕ ಗಾಡಿ ನಿಲ್ತದ, ಹೋಮ್ ಮಾತ್ರ 800 ಜಿಬಿ ಖಾಲಿ ಬಿದ್ದಿರ್ತದ. ಎಕ್ಸ್‌ಎಫ್‌ಎಸ್ ಹಿಗ್ಗಸಾಕ ಬರ್ತದ, ಕುಗ್ಗಸಾಕ ಬರಂಗಿಲ್ಲ. ಹೋಮ್ ಅಳಿಸಿ ಮತ್ತ ಕಟ್ಟೋದ ದಾರಿ.

ಎರಡು 960 ಜಿಬಿ, ರೇಡ್ 1 (ಎರಡರಾಗೂ ಒಂದ ಪ್ರತಿ). ಇಎಫ್‌ಐ 600 ಎಂಬಿ, ಬೂಟ್ 1 ಜಿಬಿ, ಉಳಿದಿದ್ದು ಎಲ್‌ವಿಎಂ (ಜಾಗ ಬೇಕಾದಂಗ ಹಂಚೋ ವ್ಯವಸ್ಥೆ). ಅದ್ರಾಗ ರೂಟ್ 40, ವಾರ್ 40, ವಾರ್ ಲಾಗ್ 40, ಪೋಸ್ಟ್‌ಗ್ರೆಸ್ 400, ಸ್ವಾಪ್ 8. ಉಳಿದ ಜಾಗ ವಾಲ್ಯೂಮ್ ಗ್ರೂಪಿನಾಗ ಸುಮ್ನ ಬಿಡ್ರಿ. ಬೇಕಾದಾಗ ಎಲ್‌ವಿ ಎಕ್ಸ್‌ಟೆಂಡ್ -ಆರ್ ಕೊಟ್ರ ಸರ್ವರ್ ಓಡ್ತಾನ ದೊಡ್ಡದಾಗ್ತದ.

ಪೀಣ್ಯ_ಐಟಿ

ಪರೀಕ್ಷೆಗೆ ಒಂದು ವರ್ಚುವಲ್ ಯಂತ್ರದಲ್ಲಿ ಇಆರ್‌ಪಿ ಕೂರಿಸಿದೆವು. ಎನ್‌ಜಿನೆಕ್ಸ್ 502 ಎರರ್ (ಹಿಂದಿನ ಆಪ್ ಸಿಗುತ್ತಿಲ್ಲ ಅಂತ) ಕೊಡುತ್ತಿದೆ. 3000ನೇ ಪೋರ್ಟಿಗೆ ಕರ್ಲ್ ಮಾಡಿದರೆ ಆಪ್ ಸರಿಯಾಗಿ ಉತ್ತರ ಕೊಡುತ್ತದೆ. ಎಸ್‌ಇಲಿನಕ್ಸ್ (ಲಿನಕ್ಸಿನ ಹೆಚ್ಚುವರಿ ಭದ್ರತಾ ಪದರ) ಆಫ್ ಮಾಡಿ ಅಂತ ಇಆರ್‌ಪಿ ಕೊಟ್ಟವರ ಮಾರ್ಗದರ್ಶಿಯಲ್ಲೇ ಇದೆ. ಮಾಡಬಹುದೇ?

ಸುಮ್ನೆ_ಕೇಳ್ತೀನಿ

ಎಲ್ಲರೂ ಮೊದಲು ಅದನ್ನೇ ಅಲ್ವಾ ಮಾಡೋದು?

ಬೇರು_ಬಳಕೆದಾರ

ಮಾಡುತ್ತಾರೆ, ಯಾಕೆಂದರೆ ಎರಡು ನಿಮಿಷ ಲಾಗ್ ಓದಲು ಸೋಮಾರಿತನ. ಎನ್‌ಜಿನೆಕ್ಸ್‌ನ ಎರರ್ ಲಾಗ್ ನೋಡಿ, ಅಪ್‌ಸ್ಟ್ರೀಮ್‌ಗೆ ಕನೆಕ್ಟ್ ಮಾಡುವಾಗ ‘13: ಪರ್ಮಿಷನ್ ಡಿನೈಡ್’ ಅಂತ ಇರುತ್ತದೆ. ಆಪ್ ಬಿದ್ದಿದ್ದರೆ ‘111: ಕನೆಕ್ಷನ್ ರಿಫ್ಯೂಸ್ಡ್’ ಬರುತ್ತಿತ್ತು. 13 ಅಂದರೆ ಇಲ್ಲಿ ಎಸ್‌ಇಲಿನಕ್ಸ್. ವೆಬ್ ಸರ್ವರ್ ಬೇರೆ ಪೋರ್ಟುಗಳಿಗೆ ತಾನಾಗಿ ಹೋಗಿ ಕನೆಕ್ಟ್ ಆಗಬಾರದು ಅನ್ನುವುದು ಪೂರ್ವನಿಯೋಜಿತ ನಿಯಮ. ಹೊಕ್ಕ ಕಳ್ಳ ಒಳಗಿನ ಡೇಟಾಬೇಸಿಗೆ ಹೋಗದಂತೆ ತಡೆಯುವುದೂ ಅದೇ. ಪರಿಹಾರ ಒಂದೇ ಬೂಲಿಯನ್ (ಆನ್-ಆಫ್ ಸ್ವಿಚ್): ಎಚ್‌ಟಿಟಿಪಿಡಿ ಕ್ಯಾನ್ ನೆಟ್‌ವರ್ಕ್ ಕನೆಕ್ಟ್ ಅನ್ನುವುದನ್ನು ಸೆಟ್‌ಸೆಬೂಲ್‌ನಲ್ಲಿ ಆನ್ ಮಾಡಿ. ದೊಡ್ಡಕ್ಷರದ -ಪಿ ಸೇರಿಸದಿದ್ದರೆ ರೀಬೂಟ್‌ಗೆ ಅಳಿಸಿಹೋಗುತ್ತದೆ.

ಎಸ್‌ಇಲಿನಕ್ಸ್ ದೂರುಗಳಲ್ಲಿ ಹೆಚ್ಚಿನವು ಇನ್ನೆರಡು ರೀತಿಯವು.

ಮೊದಲನೆಯದು ಲೇಬಲ್, ಪ್ರತಿ ಫೈಲಿಗೂ ಎಸ್‌ಇಲಿನಕ್ಸ್ ಹಚ್ಚುವ ಗುರುತು. ಫೈಲನ್ನು ಎಮ್‌ವಿ (ಸ್ಥಳಾಂತರ) ಮಾಡಿದರೆ ಹಳೇ ಜಾಗದ ಲೇಬಲ್ ಜೊತೆಗೇ ಬರುತ್ತದೆ, ಸಿಪಿ (ನಕಲು) ಮಾಡಿದರೆ ಹೊಸ ಫೋಲ್ಡರಿನದು ಸಿಗುತ್ತದೆ. ರೂಟ್ ಹೋಮ್‌ನಲ್ಲಿ ಬಿಚ್ಚಿ ಎಮ್‌ವಿ ಮಾಡಿದ ವೆಬ್ ಫೈಲ್‌ಗಳಿಗೆ 403 ಬರುವುದು ಇದರಿಂದ. ರಿಸ್ಟೋರ್‌ಕಾನ್ -ಆರ್‌ವಿ ಕೊಡಿ. ಆಪ್ ಬರೆಯಬೇಕಾದ ಅಪ್‌ಲೋಡ್ ಫೋಲ್ಡರ್ ಬೇರೆ ಕಡೆ ಇದ್ದರೆ ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್‌ನಲ್ಲಿ ಅದಕ್ಕೆ ಓದು-ಬರಹದ ವೆಬ್ ಲೇಬಲ್ ದಾಖಲಿಸಿ, ಆಮೇಲೆ ರಿಸ್ಟೋರ್‌ಕಾನ್. ಚ್‌ಕಾನ್ ಮಾತ್ರ ಬಳಸಿದರೆ ಮುಂದಿನ ರೀಲೇಬಲ್‌ನಲ್ಲಿ ಹೋಗುತ್ತದೆ.

ಎರಡನೆಯದು ಸರ್ವಿಸ್. ಸ್ಕ್ರಿಪ್ಟನ್ನು ಯಾರದೋ ಹೋಮ್ ಫೋಲ್ಡರಿನಲ್ಲಿ ಇಟ್ಟು ಸಿಸ್ಟಮ್‌ಡಿ ಯೂನಿಟ್ ಬರೆಯುತ್ತಾರೆ. ಕೈಯಲ್ಲಿ ಓಡಿಸಿದರೆ ಓಡುತ್ತದೆ, ಸರ್ವಿಸ್ ಆಗಿ ‘203/ಎಕ್ಸೆಕ್’ ಅಂತ ಬೀಳುತ್ತದೆ. ಆಪ್ಟ್ ಫೋಲ್ಡರಿಗೆ ನಕಲು ಮಾಡಿ, ರಿಸ್ಟೋರ್‌ಕಾನ್ ಹೊಡೆಯಿರಿ, ಸರಿಹೋಗುತ್ತದೆ.

ಏನೂ ತಿಳಿಯದಿದ್ದರೆ ಎಯುಸರ್ಚ್‌ನಲ್ಲಿ ಇತ್ತೀಚಿನ ಎವಿಸಿಗಳನ್ನು (ತಡೆದದ್ದರ ದಾಖಲೆಗಳು) ತೆಗೆದು ಆಡಿಟ್‌ಟುವೈಗೆ ಪೈಪ್ ಮಾಡಿ, ಯಾವ ಬೂಲಿಯನ್ ಬೇಕು ಅಂತ ಅದೇ ಹೇಳುತ್ತದೆ. ತುರ್ತಾಗಿ ಕೆಲಸ ನಡೆಯಲೇಬೇಕಾದರೆ ಇಡೀ ಯಂತ್ರದ ಬದಲು ಎಚ್‌ಟಿಟಿಪಿಡಿ ಡೊಮೇನ್ ಒಂದನ್ನು ಮಾತ್ರ ಸೆಮ್ಯಾನೇಜ್‌ನಲ್ಲಿ ಪರ್ಮಿಸಿವ್ (ತಡೆಯದೆ ದಾಖಲಿಸುವ ಸ್ಥಿತಿ) ಮಾಡಬಹುದು. ಅಂದಹಾಗೆ 9ರಲ್ಲಿ ಸಂರಚನೆ ಫೈಲ್‌ನಲ್ಲಿ ಡಿಸೇಬಲ್ಡ್ ಅಂತ ಬರೆದರೂ ಅದು ಪೂರ್ತಿ ಆಫ್ ಆಗುವುದಿಲ್ಲ, ಕರ್ನಲ್ ಪ್ಯಾರಾಮೀಟರ್ ಬೇಕು. ಆ ಮಾರ್ಗದರ್ಶಿ 7ರ ಕಾಲದ್ದು.

ಕಡತ_ಕಾವಲು

ಪ್ರಶ್ನಾವಳಿಗೆ ವಾಪಸ್ ಬರುತ್ತೇನೆ. ಒಎಸ್ ಹೊಸದಾದ ಮೇಲೆ ಬರುವ ಮುಂದಿನ ಜಗಳ ಭದ್ರತಾ ದೋಷ ಹುಡುಕುವ ಸ್ಕ್ಯಾನರ್‌ನ ವರದಿ. ಆಲ್ಮಾ 9ರಲ್ಲಿ ಓಪನ್‌ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸಾಫ್ಟ್‌ವೇರ್) 8.7 ಅಂತ ತೋರಿಸುತ್ತದೆ. ಸ್ಕ್ಯಾನರ್ ಬರೀ ಆ ಸಂಖ್ಯೆ ನೋಡಿ ಕೆಂಪು ಬಣ್ಣದಲ್ಲಿ ಪುಟಗಟ್ಟಲೆ ಬರೆಯುತ್ತದೆ. ಎಂಟರ್‌ಪ್ರೈಸ್ ಲಿನಕ್ಸ್‌ನಲ್ಲಿ ಆವೃತ್ತಿ ಅಲ್ಲೇ ನಿಲ್ಲುತ್ತದೆ, ಪ್ಯಾಚ್ ಮಾತ್ರ ಹಿಂದಕ್ಕೆ ತಂದು ಸೇರಿಸುತ್ತಾರೆ. 2024ರ ಜುಲೈನಲ್ಲಿ ಬಂದ ರೆಗ್ರೆಶನ್ ದೋಷ, ಸಿವಿಇ-2024-6387 (ದೋಷದ ಸಾರ್ವಜನಿಕ ನೋಂದಣಿ ಸಂಖ್ಯೆ), ಇದಕ್ಕೆ ಒಳ್ಳೆಯ ಉದಾಹರಣೆ: ರೆಡ್ ಹ್ಯಾಟ್ 9ಕ್ಕೆ ಅದು ತಟ್ಟಿತು, ಪರಿಹಾರವೂ 8.7ರ ಒಳಗೇ ಬಂತು. 8ರಲ್ಲಿದ್ದ 8.0ಗೆ ತಟ್ಟಲೇ ಇಲ್ಲ, ಆ ದೋಷ ಮರಳಿ ನುಸುಳಿದ್ದು 8.5ರಲ್ಲಿ. ಅಂದರೆ ‘ಹಳೇ ಸಂಖ್ಯೆ, ಹಾಗಾಗಿ ಅಪಾಯ’ ಅನ್ನುವ ಲೆಕ್ಕ ಇಲ್ಲಿ ಎರಡು ಕಡೆಯೂ ತಪ್ಪು. ಆಡಿಟರ್‌ಗೆ ಆರ್‌ಪಿಎಂ -ಕ್ಯೂ ಚೇಂಜ್‌ಲಾಗ್ ತೆಗೆದು ಆ ಸಿವಿಇ ಸಂಖ್ಯೆಯ ಸಾಲನ್ನು ಕೊಡಿ. ಸ್ಕ್ಯಾನರಿಗೆ ಲಾಗಿನ್ ಕೊಟ್ಟು ಓಡಿಸಿದರೆ ಅದು ಪ್ಯಾಕೇಜಿನ ಪೂರ್ತಿ ಹೆಸರು ಓದುತ್ತದೆ, ಅರ್ಧ ಪುಟ ಹಾಗೇ ಮಾಯವಾಗುತ್ತದೆ.

ಮುಂದಿನದು ಲಾಗ್. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ ಲಾಗ್‌ಗಳನ್ನು 180 ದಿನ ಇಡಬೇಕು, ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು, ಗಡಿಯಾರಗಳು ಎನ್‌ಐಸಿ ಅಥವಾ ಎನ್‌ಪಿಎಲ್‌ನ ಎನ್‌ಟಿಪಿ ಸಮಯ ಸರ್ವರ್‌ಗೆ ಹೊಂದಿರಬೇಕು. ಪೂರ್ವನಿಯೋಜಿತ ಸೆಟ್ಟಿಂಗ್ ಇದಕ್ಕೆ ಸಾಲುವುದಿಲ್ಲ:

ಲಾಗ್‌ರೊಟೇಟ್‌ನಲ್ಲಿ ವಾರಕ್ಕೊಮ್ಮೆ, ನಾಲ್ಕು ಪ್ರತಿ. ಅಂದರೆ ಸುಮಾರು ಒಂದು ತಿಂಗಳು ಅಷ್ಟೆ. ರೊಟೇಟ್ 27 ಮಾಡಿ, ಕಂಪ್ರೆಸ್ ಸಾಲಿನ ಕಾಮೆಂಟ್ ತೆಗೆಯಿರಿ. ಎನ್‌ಜಿನೆಕ್ಸ್‌ಗೆ ತನ್ನದೇ ಫೈಲ್ ಇದೆ, ಅಲ್ಲೂ ಬದಲಿಸಬೇಕು.

ಆಡಿಟ್‌ಡಿಯಲ್ಲಿ 8 ಎಂಬಿಯ 5 ಫೈಲ್, ಒಟ್ಟು 40 ಎಂಬಿ. ಗದ್ದಲ ಇರುವ ಸರ್ವರ್‌ನಲ್ಲಿ ಇದು ಬಹುಬೇಗ ತಿರುಗಿಬಿಡುತ್ತದೆ. ಇಲ್ಲಿ ದಿನದ ಲೆಕ್ಕವೇ ಇಲ್ಲ, ಗಾತ್ರದ ಲೆಕ್ಕ ಮಾತ್ರ. ಒಂದು ವಾರ ಎಷ್ಟು ತುಂಬುತ್ತದೆ ನೋಡಿ, 26ರಿಂದ ಗುಣಿಸಿ, ಅದಕ್ಕೆ ಇನ್ನಷ್ಟು ಸೇರಿಸಿ.

ಜರ್ನಲ್ ಪೂರ್ವನಿಯೋಜಿತವಾಗಿ ಮೆಮೊರಿಯಲ್ಲಿರುತ್ತದೆ, ರೀಬೂಟ್ ಆದರೆ ಹೋಯಿತು. ವಾರ್ ಲಾಗ್ ಒಳಗೆ ಜರ್ನಲ್ ಫೋಲ್ಡರ್ ಸೃಷ್ಟಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿದರೆ ಡಿಸ್ಕಿಗೆ ಬರೆಯುತ್ತದೆ. ಇದಕ್ಕೆಲ್ಲ ಸೇರಿ ಹುಬ್ಬಳ್ಳಿಯವರು ಹೇಳಿದ 40 ಜಿಬಿ ಲಾಗ್ ಪಾರ್ಟಿಷನ್ ಸರಿ.

ಸಮಯಕ್ಕೆ ಕ್ರೋನಿ ಸಂರಚನೆಯಲ್ಲಿ ಪೂಲ್ ಸಾಲು ತೆಗೆದು ಎನ್‌ಐಸಿಯ ಸಮಯ್ ಸರ್ವರ್‌ಗಳನ್ನು ಹಾಕಿ. ಕ್ರೋನಿಸಿ ಸೋರ್ಸಸ್‌ನಲ್ಲಿ ಹೆಸರಿಗಿಂತ ಮೊದಲು ನಕ್ಷತ್ರ ಬರಬೇಕು. ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಯುಡಿಪಿ 123 ಫೈರ್‌ವಾಲ್‌ನಲ್ಲಿ ಸಿಕ್ಕಿಕೊಂಡಿರಬಹುದು.

ಬೇರು_ಬಳಕೆದಾರ

ಅಪ್‌ಡೇಟ್ ಬಗ್ಗೆ ಎರಡು ಮಾತು. ಸೆಂಟ್‌ಒಎಸ್ 7ರಲ್ಲಿ ‘ಸೆಕ್ಯುರಿಟಿ ಮಾತ್ರ’ ಅಂತ ಯಮ್‌ಗೆ ಕೊಟ್ಟರೆ ಏನೂ ಸಿಗುತ್ತಿರಲಿಲ್ಲ, ಅವರು ಆ ಮಾಹಿತಿಯನ್ನು ರೆಪೊದಲ್ಲಿ ಹಾಕುತ್ತಲೇ ಇರಲಿಲ್ಲ. ಆಲ್ಮಾ, ರಾಕಿ ಎರಡರಲ್ಲೂ ಇದೆ, ಹಾಗಾಗಿ ಡಿಎನ್‌ಎಫ್ (ಯಮ್‌ನ ಹೊಸ ರೂಪ) ಆಟೋಮ್ಯಾಟಿಕ್‌ನಲ್ಲಿ ಸೆಕ್ಯುರಿಟಿ ಅಂತ ಇಟ್ಟರೆ ನಿಜಕ್ಕೂ ಕೆಲಸ ಮಾಡುತ್ತದೆ. ಡೇಟಾಬೇಸ್ ಯಂತ್ರದಲ್ಲಿ ಮಾತ್ರ ಡೌನ್‌ಲೋಡ್ ಅಷ್ಟೇ ಇರಲಿ, ಹಾಕುವುದು ತಿಂಗಳಿಗೊಮ್ಮೆ ಕೈಯಲ್ಲಿ. ಹಾಕಿದ ಮೇಲೆ ನೀಡ್ಸ್-ರೀಸ್ಟಾರ್ಟಿಂಗ್ -ಆರ್ ಕೊಡಿ. ರೀಬೂಟ್ ಬೇಕು ಅಂದರೆ ಬೇಕು. ಹೊಸ ಕರ್ನಲ್ ಡಿಸ್ಕಿನಲ್ಲಿ ಮಲಗಿದ್ದು ಹಳೆಯದು ಓಡುತ್ತಿದ್ದರೆ ಪ್ಯಾಚ್ ಆದಂತಲ್ಲ. ಏನಾದರೂ ಕೆಟ್ಟರೆ ಡಿಎನ್‌ಎಫ್ ಹಿಸ್ಟರಿ ಅನ್‌ಡೂ ಇದೆ, ಹಳೇ ಕರ್ನಲ್ ಗ್ರಬ್ ಮೆನುವಿನಲ್ಲೇ ಇರುತ್ತದೆ.

ಸಣ್ಣ ಬಿಡುಗಡೆ ಬಂದ ದಿನವೇ ಏರಿಸಬೇಡಿ. ಆಂಟಿವೈರಸ್, ಬ್ಯಾಕಪ್ ಏಜೆಂಟ್‌ಗಳ ಕರ್ನಲ್ ಮಾಡ್ಯೂಲ್ ಮುರಿಯುವುದು ಆವಾಗಲೇ. ಆದರೆ ತಿಂಗಳುಗಟ್ಟಲೆ ಕಾಯಲೂ ಬೇಡಿ. ಆಲ್ಮಾ, ರಾಕಿಯಲ್ಲಿ 9.5 ಬಂದ ಮೇಲೆ 9.4ಕ್ಕೆ ಉಚಿತ ಪ್ಯಾಚ್ ಬರುವುದಿಲ್ಲ. ಹಳೇ ಸಣ್ಣ ಬಿಡುಗಡೆಯಲ್ಲೇ ಎರಡು ವರ್ಷ ನಿಂತು ಪ್ಯಾಚ್ ಪಡೆಯುವ ಇಯುಎಸ್ ಸೌಲಭ್ಯ ಬೇಕಾದರೆ ಆಗ ರೆಡ್ ಹ್ಯಾಟ್‌ಗೆ ಹಣ ಕೊಡಿ, ಅದಕ್ಕೆ ಕೊಡುವುದು ನ್ಯಾಯ.

ಸುಮ್ನೆ_ಕೇಳ್ತೀನಿ

ನಮ್ಮಲ್ಲೂ ಆಲ್ಮಾ 9 ಇದೆ. ಲಿಬ್ರೆಆಫೀಸ್ ಹೆಡ್‌ಲೆಸ್‌ನಲ್ಲಿ ಬಿಲ್ ಪಿಡಿಎಫ್ ಮಾಡಿದರೆ ಕನ್ನಡ ವಿಳಾಸ ಪೂರ್ತಿ ಚೌಕಗಳು. ಇದಕ್ಕೇನು?

ಹುಬ್ಬಳ್ಳಿ_ಟರ್ಮಿನಲ್

ಮಿನಿಮಲ್ ಇನ್‌ಸ್ಟಾಲ್‌ನಾಗ ಕನ್ನಡ ಫಾಂಟ್ ಇರಂಗಿಲ್ಲ. ಲೋಹಿತ್ ಕನ್ನಡ ಇಲ್ಲಾ ನೋಟೋ ಸಾನ್ಸ್ ಕನ್ನಡ ಪ್ಯಾಕೇಜ್ ಹಾಕ್ರಿ. ಎಫ್‌ಸಿ-ಲಿಸ್ಟ್‌ಗೆ ಭಾಷೆ ಕೆಎನ್ ಅಂತ ಕೊಟ್ರ ಹೆಸರು ಬರಬೇಕು. ಆಮ್ಯಾಲೆ ಲಿಬ್ರೆಆಫೀಸ್ ಪ್ರೊಸೆಸ್ ರೀಸ್ಟಾರ್ಟ್ ಮಾಡ್ರಿ, ಇಲ್ಲಂದ್ರ ಹಳೇ ಪಟ್ಟಿನ ಹಿಡಕೊಂಡ ಕುಂತಿರ್ತದ. ಕಂಟೇನರ್‌ನಾಗ ಓಡಸಾಕತ್ತಿದ್ರ ಫಾಂಟ್ ಇಮೇಜಿನ ಒಳಗ ಹಾಕಬೇಕು, ಹೋಸ್ಟ್‌ನಾಗ ಹಾಕಿದ್ರ ಉಪಯೋಗಿಲ್ಲ.

ಪೀಣ್ಯ_ಐಟಿ

ಇಆರ್‌ಪಿ ಬೂಲಿಯನ್ ಹಾಕಿದ ಕೂಡಲೇ ಬಂತು. ಈಗ ಫೈಲ್ ಸರ್ವರ್ ಉಳಿದಿದೆ. ಪರೀಕ್ಷೆಗೆ ಕೂರಿಸಿದ ಆಲ್ಮಾ 9 ಸಾಂಬಾಕ್ಕೆ ಪಿಸಿಗಳೆಲ್ಲ ಕನೆಕ್ಟ್ ಆಗುತ್ತಿವೆ. ಸ್ಟೋರ್ಸ್‌ನಲ್ಲಿರುವ ಹಳೇ ಮಲ್ಟಿಫಂಕ್ಷನ್ ಪ್ರಿಂಟರ್ ಮಾತ್ರ ಫೋಲ್ಡರಿಗೆ ಸ್ಕ್ಯಾನ್ ಕಳಿಸುತ್ತಿಲ್ಲ. ಪಾಸ್‌ವರ್ಡ್ ಸರಿಯಿದೆ.

ಬೇರು_ಬಳಕೆದಾರ

ಅದು ಎಸ್‌ಎಂಬಿ 1 (ಫೈಲ್ ಹಂಚಿಕೆಯ ಹಳೇ ಪ್ರೊಟೊಕಾಲ್) ಮಾತ್ರ ಬಲ್ಲ ಪ್ರಿಂಟರ್. ಸೆಂಟ್‌ಒಎಸ್ 7.9ರಲ್ಲಿ ಇದ್ದದ್ದು ಸಾಂಬಾ 4.10, 4.11ರಿಂದ ಎಸ್‌ಎಂಬಿ 1 ಪೂರ್ವನಿಯೋಜಿತವಾಗಿ ಬಂದ್. ಗ್ಲೋಬಲ್ ವಿಭಾಗದಲ್ಲಿ ಸರ್ವರ್ ಮಿನ್ ಪ್ರೊಟೊಕಾಲ್ ಎನ್‌ಟಿ1 ಅಂತ ಬರೆದರೆ ಸ್ಕ್ಯಾನ್ ಬರುತ್ತದೆ, ಆದರೆ ಅದು ಇಡೀ ಸರ್ವರಿಗೆ ಅನ್ವಯ, ಡ್ರಾಯಿಂಗ್ ಶೇರ್‌ಗೂ. ಒಂದು ಪ್ರಿಂಟರಿಗಾಗಿ ಅಷ್ಟು ಬಾಗಿಲು ತೆರೆಯಬೇಡಿ. ಪ್ರಿಂಟರ್ ಮೆನುವಿನಲ್ಲಿ ಎಫ್‌ಟಿಪಿ ಅಥವಾ ಇಮೇಲ್‌ಗೆ ಸ್ಕ್ಯಾನ್ ಇದೆಯೇ ನೋಡಿ. ಎಫ್‌ಟಿಪಿ ಇದ್ದರೆ ವಿಎಸ್‌ಎಫ್‌ಟಿಪಿಡಿ ಹಾಕಿ, ಆ ಪ್ರಿಂಟರಿನ ಐಪಿಗೆ ಮಾತ್ರ ಫೈರ್‌ವಾಲ್‌ಡಿಯಲ್ಲಿ ರಿಚ್ ರೂಲ್ ಬರೆದು, ಸ್ಕ್ಯಾನ್ ಫೋಲ್ಡರ್ ಒಂದಕ್ಕೇ ಬರೆಯುವ ಯೂಸರ್ ಕೊಡಿ. ಆ ಫೋಲ್ಡರನ್ನು ಸಾಂಬಾ ಕೂಡ ಹಂಚುವುದರಿಂದ ಎರಡೂ ಸರ್ವಿಸ್ ಓದಿ ಬರೆಯಬಲ್ಲ ಪಬ್ಲಿಕ್ ಕಂಟೆಂಟ್ ಆರ್‌ಡಬ್ಲ್ಯು ಲೇಬಲ್ ಹಾಕಬೇಕು, ಜೊತೆಗೆ ಎಫ್‌ಟಿಪಿಡಿ ಮತ್ತು ಸಾಂಬಾದ ಅನಾನ್ ರೈಟ್ ಬೂಲಿಯನ್‌ಗಳನ್ನು ಆನ್ ಮಾಡಬೇಕು.

ಹಳೇ ಸರ್ವರಿಂದ ಫೈಲ್ ತರುವಾಗ ಆರ್‌ಸಿಂಕ್‌ಗೆ -ಎ ಜೊತೆ ದೊಡ್ಡಕ್ಷರದ ಎಚ್, ಎ ಕೂಡ ಕೊಡಿ, ಇಲ್ಲದಿದ್ದರೆ ಎಸಿಎಲ್‌ಗಳು (ಫೈಲ್ ಅನುಮತಿ ಪಟ್ಟಿಗಳು) ಅಲ್ಲೇ ಉಳಿಯುತ್ತವೆ. ಯೂಸರ್‌ಗಳ ಯುಐಡಿ (ಗುರುತಿನ ಸಂಖ್ಯೆ) ಎರಡೂ ಕಡೆ ಒಂದೇ ಇರಲಿ. ಸಾಂಬಾ ಪಾಸ್‌ವರ್ಡ್‌ಗಳಿರುವ ಪಾಸ್‌ಡಿಬಿ ಫೈಲನ್ನು ಸರ್ವಿಸ್ ನಿಲ್ಲಿಸಿ ನಕಲು ಮಾಡಿದರೆ 45 ಜನರ ಹತ್ತಿರ ಹೋಗಿ ಪಾಸ್‌ವರ್ಡ್ ಹೊಡೆಸುವ ಕೆಲಸ ತಪ್ಪುತ್ತದೆ.